ಮಡಚುವ ಕುರ್ಚಿಗಳ ವಿರುದ್ಧ ಒಂದು ಅರ್ಜಿ

ವಾಷಿಂಗ್ಟನ್
ಜನವರಿ 9

ಶ್ರೀಮನ್ಮಹಾಸಭಾಧ್ಯಕ್ಷೆ, ವರ್ಮಾಂಟ್ ರಾಜ್ಯಾಂತರ್ಗತ ಕಾಲ್ಡರ್‌ಬರಿ ಪುರವರಾಧೀಶ್ವರಿ, ಮೇಪಲ್ ಮರದ ಸುತ್ತಿಗೆಯ ಏಕೈಕ ಒಡತಿ, ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಮೂವತ್ತೊಂದು ಮಾರ್ಚ್ ತಿಂಗಳುಗಳ ಪರ್ಯಂತ ಊರಿನವರ ಬಾಯಿಗೆ ಬೀಗ ಹಾಕಿದ ಹಾಗೂ ತೆಗೆದ, ಮರಳು ಗಡಿಯಾರವನ್ನು ಎರಡು ನಿಮಿಷಕ್ಕೊಮ್ಮೆ ತಲೆಕೆಳಗು ಮಾಡಿ ಕಾಲಪುರುಷನನ್ನೇ ಅಂಕೆಯಲ್ಲಿಟ್ಟ, ತಮ್ಮನ ಅನಾಥ ಮಗಳನ್ನು ಎಂಟನೆಯ ವಯಸ್ಸಿನಿಂದ ಸಾಕಿ ಸಲಹಿ ಕಿವಿ ಹಿಂಡಿ ಮನುಷ್ಯಳನ್ನಾಗಿ ಮಾಡಲು ಯತ್ನಿಸಿದ ಯೂನಿಸ್ ಕಿಟ್ರೆಡ್ಜ್ ಅತ್ತೆಯವರ ದಿವ್ಯ ಸನ್ನಿಧಾನಕ್ಕೆ,

ರಾಜಧಾನಿಯ ಮೂಲೆಯೊಂದರಲ್ಲಿ ಬಿದ್ದಿರುವ ಮಾರ್ನಿ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಕ್ರಿಸ್‌ಮಸ್ ರಜೆ ಮುಗಿಸಿ ಕ್ಷೇಮವಾಗಿ ತಲುಪಿದೆ. ತಾವು ಕಟ್ಟಿಕೊಟ್ಟ ಮೇಪಲ್ ಸಕ್ಕರೆಯ ಅಚ್ಚುಗಳು ರೈಲು ನಮ್ಮ ರಾಜ್ಯದ ಗಡಿ ದಾಟುವ ಮೊದಲೇ ಮುಗಿದವು. ಈ ಅಪರಾಧವನ್ನು ದಯಾರ್ದ್ರ ಹೃದಯದಿಂದ ಪರಿಗಣಿಸಿ ಮನ್ನಿಸಬೇಕು.

ಇಲ್ಲಿ ಗಣರಾಜ್ಯ ಎಂದಿನಂತೆ ನಡೆಯುತ್ತಿದೆ. ನಾನು ದುಡಿಯುವ ಕಚೇರಿಯ ಸಂಸತ್ ಸದಸ್ಯರಿಗೆ ಅವರ ಜಿಲ್ಲೆಯ ಪ್ರಜೆಗಳು ಬರೆಯುವ ಪತ್ರಗಳನ್ನು ಓದುವುದು ನನ್ನ ಕೆಲಸ ಎಂದು ಹೇಳಿದ್ದೆನಲ್ಲ. ಅದು ಪೂರ್ತಿ ನಿಜವಲ್ಲ. ಓದಿ, ಯಾವ ಮಾದರಿ ಉತ್ತರ ಕಳಿಸಬೇಕು ಎಂದು ಅಂಕಿ ಹಾಕುವುದು ನನ್ನ ಕೆಲಸ. ಹನ್ನೊಂದು ಮಾದರಿಗಳಿವೆ. ಮೊನ್ನೆ ಒಬ್ಬ ಮುದುಕಿ, ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸದೆ ರಾಜ್ಯಗಳ ಲೆಕ್ಕದಲ್ಲಿ ಆರಿಸುವುದು ಸರಿಯೇ ಎಂದು ಒಂಬತ್ತು ಪುಟ ಕೈಬರಹದಲ್ಲಿ ಬರೆದಿದ್ದಳು. ಆರನೇ ಪುಟದಲ್ಲಿ ಸಿಟ್ಟು ಇಳಿಸಿಕೊಳ್ಳಲೆಂದು ಒಂದು ಸೇಬಿನ ಕೇಕ್ ಮಾಡುವ ವಿಧಾನವೂ ಇತ್ತು. ನಾನು ಒಂಬತ್ತೂ ಪುಟ ಓದಿದೆ. ಆಕೆಗೆ ಮಾದರಿ ನಾಲ್ಕು ಹೋಯಿತು: ‘ತಮ್ಮ ಅಮೂಲ್ಯ ಅಭಿಪ್ರಾಯವನ್ನು ಗಮನದಲ್ಲಿ ಇಟ್ಟುಕೊಳ್ಳಲಾಗುವುದು.’ ಸಹಿಯನ್ನು ಯಂತ್ರ ಹಾಕಿತು. ಕೇಕನ್ನು ನಾನು ಮಾಡಿ ನೋಡಿದೆ. ತಳ ಹತ್ತಿತು.

ಊರಿನ ಸುದ್ದಿ ಬರೆಯಿರಿ. ಯಾರ ಹಸು ಯಾರ ಬೇಲಿ ಮುರಿಯಿತು? ಅಂಗಡಿಯ ಜಾಹೀರಾತು ಹಲಗೆಯ ಮೇಲೆ ಹೊಸದೇನಾದರೂ ಅಂಟಿಸಿದ್ದಾರೆಯೇ? ಸುಮ್ಮನೆ ಕೇಳಿದೆ.

ಗಣರಾಜ್ಯ ಯಂತ್ರದ ಅತಿ ಚಿಕ್ಕ ಮೊಳೆ,
ಮಾರ್ನಿ


ಕಾಲ್ಡರ್‌ಬರಿ
ಜನವರಿ 22

ಮಾರ್ನಿ,

ನಿನ್ನ ಬಿರುದುಗಳನ್ನು ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿದ್ದ ಬೀನ್ಸ್ ಸೀದುಹೋಯಿತು. ಇನ್ನು ಮುಂದೆ ‘ಅತ್ತೆ’ ಎಂದಷ್ಟೇ ಬರೆ. ನೀನು ಫೋನ್ ಮಾಡುವುದಕ್ಕಿಂತ ಪತ್ರವೇ ವಾಸಿ, ಅದು ಬೇರೆ ಮಾತು. ಫೋನಿನಲ್ಲಿ ನೀನು ಬಾಯಿ ಮುಚ್ಚಿಕೊಂಡು ನಗುವುದು ಕೇಳಿಸುತ್ತದೆ.

ಅಂಗಡಿಯ ಹಲಗೆಯ ಬಗ್ಗೆ ಕೇಳಿದ್ದೀಯ. ಹೇಳುತ್ತೇನೆ.

ಕಳೆದ ಗುರುವಾರ ಊರಿನ ಗುಮಾಸ್ತ ವೆಂಡೆಲ್ ಬಂದ. ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬಂದವನು, “ಯೂನಿಸ್, ಕೂತ್ಕೋ” ಅಂದ.

“ನಾನು ಕೂತೇ ಇದೀನಿ, ವೆಂಡೆಲ್.”

“ಹಾಗಾದ್ರೆ ಎದ್ದು ಇನ್ನೊಂದ್ಸಲ ಕೂತ್ಕೋ. ಸಮಾಚಾರ ಹಾಗಿದೆ.”

ಅವನ ಕೈಯಲ್ಲಿ ಒಂದು ಅರ್ಜಿ. ಅಂಗಡಿಯ ಹಲಗೆಯ ಮೇಲೆ ಯಾರೋ ಕ್ರಿಸ್‌ಮಸ್ ಹೊತ್ತಿಗೆ ಅಂಟಿಸಿದ್ದರಂತೆ. ಅವನು ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದ. ಇಲ್ಲಿ ನಕಲು ಮಾಡಿದ್ದೇನೆ:

‘ಈ ಊರಿನ ಸಮಸ್ತ ಮತದಾರರ ಸಹನಶೀಲ ಪೃಷ್ಠಭಾಗಗಳು ಶಾಲೆಯ ಮಡಚುವ ಕಬ್ಬಿಣದ ಕುರ್ಚಿಗಳ ಮೇಲೆ ತಲೆತಲಾಂತರದಿಂದ ಅನುಭವಿಸುತ್ತ ಬಂದಿರುವ ಯಾತನೆಯನ್ನು ದಯಾರ್ದ್ರ ಹೃದಯದಿಂದ ಪರಿಗಣಿಸಿ, ಊರಸಭೆಯಲ್ಲಿ ಕೂತು ಚರ್ಚಿಸಿ ಕೈ ಎತ್ತುವ ಪದ್ಧತಿಯನ್ನು ಇನ್ನು ಮುಂದೆ ಕೈಬಿಟ್ಟು, ಎಲ್ಲ ವಿಷಯಗಳನ್ನೂ ಮತಚೀಟಿಯ ಮೂಲಕವೇ ತೀರ್ಮಾನಿಸತಕ್ಕದ್ದೆಂದು…’

ಕೆಳಗೆ ಇಪ್ಪತ್ತನಾಲ್ಕು ಸಹಿ. ಪಟ್ಟಿಯಲ್ಲಿರುವ ನಾನೂರ ಹನ್ನೆರಡು ಮತದಾರರಲ್ಲಿ ನೂರಕ್ಕೆ ಐದು ಜನ, ಅಂದರೆ ಇಪ್ಪತ್ತೊಂದು ಸಹಿ ಇದ್ದರೆ ಸಾಕು, ಅದನ್ನು ಸಭೆಯ ಮುಂದೆ ಇಡಲೇಬೇಕು. ಹಾಗಾಗಿ ಅದು ಈಗ ಸಭೆಯ ಕಾರ್ಯಸೂಚಿಯಲ್ಲಿ ಕಲಂ ಹದಿನೇಳು.

ಬರೆದವರು ನಗಿಸಲು ಬರೆದಿದ್ದಾರೆ. ಆದರೆ ಸಹಿಗಳು ಶಾಯಿಯಲ್ಲಿವೆ. ಅದು ಪಾಸಾದರೆ ಮುಂದಿನ ವರ್ಷದಿಂದ ಜನ ಬರುತ್ತಾರೆ, ಚೀಟಿ ಹಾಕುತ್ತಾರೆ, ಹೋಗುತ್ತಾರೆ. ಬರದಿದ್ದವರು ಅಂಚೆಯಲ್ಲಿ ಕಳಿಸುತ್ತಾರೆ. ಒಬ್ಬರ ಮಾತು ಒಬ್ಬರು ಕೇಳುವ ಅಗತ್ಯವೇ ಇಲ್ಲ. ನಿನ್ನಪ್ಪ ಕೆತ್ತಿಕೊಟ್ಟ ಸುತ್ತಿಗೆಗೂ ಕೆಲಸವಿಲ್ಲ, ನನಗೂ ಇಲ್ಲ. ನನ್ನ ಕಥೆ ಹೋಗಲಿ. ಈ ಇಪ್ಪತ್ತನಾಲ್ಕು ಹೆಸರುಗಳನ್ನು ಓದಿದೆ ನೋಡು, ಒಂದೊಂದು ಮುಖವೂ ಗೊತ್ತು. ನನ್ನ ಕೈಯ ಪೈ ತಿಂದವರು. ಒಬ್ಬರೂ ನನ್ನ ಹತ್ತಿರ ಬಂದು ಒಂದು ಮಾತು ಹೇಳಿರಲಿಲ್ಲ.

ಮಾರ್ಚ್ ನಾಲ್ಕರ ಮಂಗಳವಾರ ವರ್ಷದ ಊರಸಭೆ. ನಿನ್ನ ಹೆಸರು ಇನ್ನೂ ಇಲ್ಲಿನ ಪಟ್ಟಿಯಲ್ಲೇ ಇದೆ. ಬಾ. ಅರ್ಜಿ ಬರೆದವರು ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳುವುದು ನಮ್ಮೂರ ಪದ್ಧತಿ. ಕಾನೂನಲ್ಲ, ಮರ್ಯಾದೆ. ಯಾರು ಏಳುತ್ತಾರೋ ನೋಡೋಣ.

ನಿನ್ನ ಅತ್ತೆ,
ಯೂನಿಸ್


ವಾಷಿಂಗ್ಟನ್
ಜನವರಿ 29

ಅತ್ತೆ (ಆಜ್ಞೆಯಂತೆ ಅಷ್ಟೇ, ಉಳಿದ ಹದಿನಾಲ್ಕು ಬಿರುದುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ),

ನಿಮ್ಮ ಪತ್ರ ಓದಿ ರಕ್ತ ಕುದಿಯಿತು. ಆ ಅರ್ಜಿ ಬರೆದವನು ದುರುಳ, ದ್ರೋಹಿ, ನರಾಧಮ. ಬರವಣಿಗೆ ಮಾತ್ರ ಪರವಾಗಿಲ್ಲ ಎನ್ನುವುದನ್ನು ಶತ್ರುವಾದರೂ ಒಪ್ಪಬೇಕು. ಯಾರೋ ತಲೆಕೆಟ್ಟವನು ಒಂದು ಸಂಜೆ ಬೇಜಾರಿಗೆ ಗೀಚಿ ಅಂಟಿಸಿರಬೇಕು. ಮೂರು ಸಹಿ ಬೀಳುತ್ತದೆ, ನಿಮ್ಮ ಹುಬ್ಬು ಒಂದು ಇಂಚು ಮೇಲೇರುತ್ತದೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿರಬೇಕು. ನನ್ನ ಊಹೆ.

ಯುದ್ಧತಂತ್ರವನ್ನು ಈ ಕೆಳಗೆ ನಿವೇದಿಸುತ್ತಿದ್ದೇನೆ. ಇಪ್ಪತ್ತನಾಲ್ಕು ಮನೆಗಳಿಗೂ ನೀವೇ ಹೋಗಿ. ಸುತ್ತಿಗೆ ಬೇಡ, ಪೈ ತೆಗೆದುಕೊಂಡು ಹೋಗಿ. ಅವರ ಎದುರು ಕೂತು ಕೇಳಿ. ಯಾರೂ ನಿಮ್ಮ ಮುಖ ನೋಡಿ ‘ಬೇಕು’ ಎನ್ನಲಾರರು. ನನಗೆ ಹದಿನೈದು ವರ್ಷದ ಅನುಭವವಿದೆ.

ಸಭೆ ಏಕೆ ಉಳಿಯಬೇಕು ಎನ್ನುವುದಕ್ಕೆ ಇಲ್ಲಿಂದ ಒಂದು ಸಾಕ್ಷಿ ಕಳಿಸುತ್ತೇನೆ. ಮೊನ್ನೆ ಮಧ್ಯಾಹ್ನ ನಮ್ಮ ಸದಸ್ಯರು ಸದನದಲ್ಲಿ ಭಾಷಣ ಮಾಡಿದರು. ಮುಷ್ಟಿ ಬಿಗಿದರು. ‘ನನ್ನ ಎದುರಿಗಿರುವ ಗೆಳೆಯರೇ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿ!’ ಎಂದರು. ನಾನು ಗ್ಯಾಲರಿಯಲ್ಲಿದ್ದೆ. ಎದುರಿಗೆ ನಾನೂರಕ್ಕೂ ಹೆಚ್ಚು ಖಾಲಿ ಕುರ್ಚಿ. ಕಣ್ಣಲ್ಲಿ ಕಣ್ಣಿಡಲು ಒಂದು ಕ್ಯಾಮೆರಾ ಮತ್ತು ಅದರ ಪಕ್ಕ ಆಕಳಿಸುತ್ತಿದ್ದ ಕಾವಲುಗಾರ, ಅಷ್ಟೇ. ನಾಳೆ ಅವರ ಊರಿನವರು ಆ ತುಣುಕನ್ನು ನೋಡಿ ಚಪ್ಪಾಳೆ ಹೊಡೆಯುತ್ತಾರೆ. ಆಗ ನನಗೆ ನಮ್ಮೂರ ಸಭೆಯ ಹಾಲ್ ನೆನಪಾಯಿತು. ಅಲ್ಲಿ ರಸ್ತೆ ಸಮ ಮಾಡುವ ಯಂತ್ರ ಕೊಳ್ಳಬೇಕೋ ಬೇಡವೋ ಎಂದು ಲೈಲ್ ಡಟ್ಟನ್ ಮಾತಾಡಿದರೆ, ಅದನ್ನು ಓಡಿಸುವವನು ಮೂರನೇ ಸಾಲಿನಲ್ಲೇ ಕೂತಿರುತ್ತಾನೆ.

ಇದನ್ನೇ ಪಕ್ಕದ ಮೇಜಿನ ಡಾರ್ನೆಲ್‌ಗೆ ಹೇಳಿದೆ. ಅವನು ಒಹಾಯೋದವನು.

“ಒಂದು ಯಂತ್ರ ತಗೊಳ್ಳೋಕೆ ಊರಿಗೆ ಊರೇ ಕೈ ಎತ್ತುತ್ತಾ?” ಅಂದ.

“ನಲವತ್ತು ನಿಮಿಷ ಜಗಳ ಆಡಿ ಆಮೇಲೆ ಎತ್ತುತ್ತೆ.”

“ಎಷ್ಟು ಜನ ಬರ್ತೀರಾ?”

“ನೂರ ನಲವತ್ತರ ಹತ್ತಿರ ಹತ್ತಿರ.”

“ನಿಮ್ಮೂರಲ್ಲಿ ನಾನೂರು ಚಿಲ್ಲರೆ ಓಟು ಅಂದಿದ್ದೆ. ಉಳಿದವರು ಎಲ್ಲೋದ್ರು?”

ನಾನು ಕಾಫಿ ತರಲು ಎದ್ದು ಹೋದೆ.

ಸಮರೋತ್ಸಾಹಿ,
ಮಾರ್ನಿ


ಕಾಲ್ಡರ್‌ಬರಿ
ಫೆಬ್ರವರಿ 12

ಮಾರ್ನಿ,

ಹೋದೆ. ಪೈಗಳನ್ನೂ ಒಯ್ದೆ. ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಮನೆ ಆಯಿತು. ನಿನ್ನ ಯುದ್ಧತಂತ್ರದಲ್ಲಿ ಒಂದು ದೋಷವಿದೆ. ಮನೆಗೆ ಹೋಗಿ ಕೂತರೆ ಅವರು ಮಾತಾಡುತ್ತಾರೆ, ನಾನು ಕೇಳಬೇಕಾಗುತ್ತದೆ.

ಜೋಸೆಟ್ ಥಿಬೋ ಆಸ್ಪತ್ರೆಯಲ್ಲಿ ನರ್ಸ್. ಮಂಗಳವಾರ ಅವಳಿಗೆ ಎಂದೂ ರಜೆ ಇಲ್ಲ. “ಯೂನಿಸ್, ನಮ್ಮ ರಸ್ತೆ ತೆರಿಗೆ ನಾನೂ ಕಟ್ತೀನಿ. ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಪುರುಸೊತ್ತಿರೋರು ಮಾತ್ರ ಊರಿನವರಾ?” ಅಂದಳು. ನಾನು ಪೈ ಕೊಟ್ಟೆ.

ಹಾರ್ಲಂಡ್ ಬಜೆಲ್‌ಗೆ ಎಂಬತ್ತೊಂದು. ಕಿವಿ ಪೂರ್ತಿ ಮಂದ. “ಹತ್ತು ವರ್ಷದಿಂದ ನಂಗೆ ಒಂದಕ್ಷರ ಕೇಳಿಸಿಲ್ಲ. ಪಕ್ಕದಲ್ಲಿ ಬರ್ಟ್ ಕೈ ಎತ್ತಿದಾಗ ನಾನೂ ಎತ್ತುತಿದ್ದೆ. ಹೋದ ವರ್ಷ ಗೊತ್ತಾಯ್ತು, ಬರ್ಟ್‌ಗೂ ಕೇಳಿಸಲ್ಲ, ಅವನು ನನ್ನ ನೋಡಿ ಎತ್ತುತಿದ್ನಂತೆ” ಅಂದ. ನಾನು ನಕ್ಕೆ. ದಾರಿಯಲ್ಲಿ ಯೋಚಿಸಿದರೆ ನಗು ಬರಲಿಲ್ಲ. ಹತ್ತು ವರ್ಷ ಆ ಕೈಗಳನ್ನು ಎಣಿಸಿದವಳು ನಾನೇ.

ಕೊನೆಗೆ ಕೊರಿನ್ ಲಬೌಂಟಿಯ ಮನೆ. ಗುಡ್ಡದ ಆಚೆಯವಳು, ಕುರಿ ಸಾಕುತ್ತಾಳೆ. ಮಾತು ತಡವರಿಸುತ್ತದೆ, ನಿನಗೂ ಗೊತ್ತು. ಬಾಗಿಲು ತೆರೆದು ಒಳಗೆ ಕರೆದಳು, ಚಹಾ ಕೊಟ್ಟಳು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಹೊರಗೆಳೆದು ಹೇಳಿದಳು. ಅವಳ ತಡವರಿಕೆಯನ್ನು ನಾನು ಕಾಗದದ ಮೇಲೆ ಬರೆಯುವುದಿಲ್ಲ.

“ಹನ್ನೊಂದು ವರ್ಷದ ಹಿಂದೆ ನಾನು ಸಭೇಲಿ ಎದ್ದು ನಿಂತಿದ್ದೆ. ನೆನಪಿದೆಯಾ?”

ನನಗೆ ನೆನಪಿರಲಿಲ್ಲ.

“ಶಾಲೆ ಬಸ್ಸು ನಮ್ಮ ಗುಡ್ಡದ ತನಕ ಬರಲಿ ಅಂತ ಕೇಳೋಕೆ. ಒಂದು ತಿಂಗಳು ಕುರಿಗಳ ಮುಂದೆ ಅಭ್ಯಾಸ ಮಾಡ್ಕೊಂಡಿದ್ದೆ. ‘ಬಸ್ಸು’ ಅನ್ನೋ ಮಾತಿನ ಹತ್ರನೇ ಸಿಕ್ಕಿಹಾಕ್ಕೊಂಡೆ. ನಿಮ್ಮ ಮರಳು ಕೆಳಗಿಳೀತು. ಸುತ್ತಿಗೆ ಬಡಿದ್ರಿ. ‘ಕಾಲಾವಧಿ ಮುಗಿಯಿತು, ಮುಂದಿನವರು’ ಅಂದ್ರಿ. ಮುಂದಿನವರು ಲೈಲ್. ಯಂತ್ರದ ವಿಷಯ.”

ನಾನು ಚಹಾದ ಕಪ್ ಕೆಳಗಿಟ್ಟೆ.

“ನನ್ನ ಮಗಳು ಆಮೇಲೆ ಆರು ವರ್ಷ ಆ ಗುಡ್ಡ ನಡ್ಕೊಂಡೇ ಇಳಿದ್ಲು. ಆ ಅರ್ಜಿ ಯಾರು ಬರೆದ್ರೋ ಗೊತ್ತಿಲ್ಲ ಯೂನಿಸ್. ತಮಾಷೆಗೇ ಬರೆದಿರ್ಬೇಕು, ಅಂಗಡೀಲಿ ಎಲ್ಲರೂ ನಗ್ತಿದ್ರು. ನಂಗೆ ನಗು ಬರ್ಲಿಲ್ಲ. ಸಹಿ ತುಂಬಿದ ಮೇಲೆ ಹಲಗೆಯಿಂದ ಕಿತ್ತು ವೆಂಡೆಲ್ ಕೈಗೆ ಕೊಟ್ಟೋಳು ನಾನೇ. ಚೀಟಿ ಮೇಲೆ ನಾನು ತಡವರಿಸಲ್ಲ.”

ಗಾಡಿಯಲ್ಲಿ ಕೂತೆ. ಸ್ವಲ್ಪ ಹೊತ್ತು ಎಂಜಿನ್ ಶುರು ಮಾಡಲಿಲ್ಲ. ಗಾಜಿನ ಮೇಲೆ ಹಿಮ ಬೀಳುತ್ತಿತ್ತು, ಒರೆಸಲೂ ಇಲ್ಲ.

ಆ ಸಭೆ ಎಂದರೆ ನನಗೆ ಏನು ಎಂದು ನಿನಗೆ ಗೊತ್ತು. ಅದು ಎಲ್ಲರದೂ ಎಂದು ಮೂವತ್ತೊಂದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ.

ನಾಲ್ಕನೇ ತಾರೀಕು ಬರುತ್ತೀಯಲ್ಲ? ಈ ಸಲ ನೀನು ಹಾಲ್‌ನಲ್ಲಿ ಇರಬೇಕು ಅನ್ನಿಸುತ್ತಿದೆ.

ಅತ್ತೆ


ವಾಷಿಂಗ್ಟನ್
ಫೆಬ್ರವರಿ 24

ಅತ್ತೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ರಜೆ ಸಿಗಲಿಲ್ಲ. ಆ ವಾರ ಸದನ ನಡೆಯುತ್ತಿರುತ್ತದೆ, ಪತ್ರಗಳ ರಾಶಿ ಬಿದ್ದಿದೆ, ನಮ್ಮ ಸದಸ್ಯರು ಯಾರನ್ನೂ ಬಿಡುತ್ತಿಲ್ಲ. ಕೇಳಿ ನೋಡಿದೆ.

ಕೊರಿನ್ ಮಗಳಿಗೆ ಈಗ ಎಷ್ಟು ವಯಸ್ಸು? ನಾನು ಬಸ್ಸಿನ ಕಿಟಕಿಯಿಂದ ಅವಳನ್ನು ನೋಡುತ್ತಿದ್ದೆ. ಕೆಂಪು ಟೋಪಿ. ಅವಳ ಬೂಟು ಯಾವಾಗಲೂ ಒದ್ದೆ ಎಂದು ಒಂದು ಹಾಡು ಕಟ್ಟಿದ್ದೆ, ಬಸ್ಸಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ನಿಮಗೆ ಒಂದು ವಿಷಯ ಹೇಳಬೇಕಿತ್ತು. ಸಭೆ ಮುಗಿಯಲಿ.

ಮಾರ್ನಿ


ಕಾಲ್ಡರ್‌ಬರಿ
ಮಾರ್ಚ್ 5

ಮಾರ್ನಿ,

ಸಭೆ ಮುಗಿಯಿತು. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ, ನಡುವೆ ನಗಬೇಡ.

ಬೆಳಗ್ಗೆ ಹಿಮ ಕರಗಿ ಕೆಸರು. ಆದರೂ ನೂರ ಮೂವತ್ತೊಂಬತ್ತು ಜನ ಬಂದರು. ಜೋಸೆಟ್ ಹೇಗೋ ಪಾಳಿ ಬದಲಾಯಿಸಿಕೊಂಡು, ನರ್ಸಿನ ಬಟ್ಟೆಯಲ್ಲೇ ಬಂದಿದ್ದಳು. ನಾನು ಪಕ್ಕದ ಊರಿನ ಚರ್ಚಿನಿಂದ ಮೈಕು ಎರವಲು ತಂದಿದ್ದೆ, ಹಾರ್ಲಂಡ್‌ನನ್ನೂ ಬರ್ಟ್‌ನನ್ನೂ ಧ್ವನಿಪೆಟ್ಟಿಗೆಯ ಬುಡಕ್ಕೇ ಕೂರಿಸಿದೆ. ಹನ್ನೊಂದು ಗಂಟೆಗೆ ಹಾರ್ಲಂಡ್ ಎದ್ದು ನಿಂತ. “ಸಭಾಧ್ಯಕ್ಷರೇ, ಇವತ್ತು ಎಲ್ಲಾ ಕೇಳಿಸ್ತಾ ಇದೆ. ಇಷ್ಟು ವರ್ಷ ಇದೇ ಮಾತಾಡ್ತಿದ್ರಾ ಇವರೆಲ್ಲ?”

“ಇದೇ, ಹಾರ್ಲಂಡ್.”

“ಸರಿ. ಮುಂದುವರೀಲಿ. ಮಜವಾಗಿದೆ” ಎಂದು ಕೂತ.

ಯಂತ್ರಕ್ಕೆ ಮೂವತ್ತೈದು ನಿಮಿಷ, ನಾಯಿಗಳ ಪರವಾನಗಿಗೆ ಇಪ್ಪತ್ತು. ಊಟ. ಮೇಪಲ್ ಕ್ರೀಮ್ ಪೈ ಮೊದಲು ಖಾಲಿಯಾಯಿತು, ಯಾವಾಗಲೂ ಹಾಗೆಯೇ. ಊಟದ ಮೇಲೆ ಕಲಂ ಹದಿನೇಳು.

ಅದನ್ನು ನಾನೇ ಓದಬೇಕಾಯಿತು. ಪೃಷ್ಠಭಾಗ ಎನ್ನುವಲ್ಲಿ ನಗಲಿಲ್ಲ, ಯಾರನ್ನೂ ನಗಲು ಬಿಡಲಿಲ್ಲ. ಓದಿ ಮುಗಿಸಿ, “ಅರ್ಜಿ ಬರೆದವರು ಇದ್ದರೆ, ಎದ್ದು ಕಾರಣ ಹೇಳಬಹುದು” ಎಂದೆ.

ಹಾಲ್‌ನ ಬಾಗಿಲನ್ನೇ ನೋಡುತ್ತ ಹತ್ತು ಎಣಿಸಿದೆ. ಆಮೇಲೆ ಇನ್ನೂ ಹತ್ತು.

ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಕೊರಿನ್ ಎದ್ದಳು. ಕೈಯಲ್ಲಿ ಚೀಟಿ ಏನೂ ಇರಲಿಲ್ಲ. ಮೈಕಿನ ತನಕ ನಡೆದು ಬಂದಳು. ನಾನು ಹೇಳಿದೆ: “ದಾಖಲೆಗೆ ಹೋಗಲಿ. ಹನ್ನೊಂದು ವರ್ಷದ ಹಿಂದೆ ಈ ಮತದಾರರ ಮಾತನ್ನು ಸಭಾಧ್ಯಕ್ಷರು ಅರ್ಧಕ್ಕೆ ನಿಲ್ಲಿಸಿದ್ದರು. ಅದು ತಪ್ಪು ತೀರ್ಪು. ಅವರ ಸಮಯ ಇನ್ನೂ ಬಾಕಿ ಇದೆ.” ಮರಳು ಗಡಿಯಾರವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದೆ.

ಅವಳು ಶುರು ಮಾಡಿದಳು. ಮೊದಲ ಮಾತಿಗೇ ಸಿಕ್ಕಿಕೊಂಡಳು. ನಾವು ಕಾದೆವು. ಸಭೆ ಶುರುವಾದಾಗಿನಿಂದ ಕಡ್ಡಿ ಆಡಿಸುತ್ತಿದ್ದ ಹೆಂಗಸರು ಹೆಣಿಗೆ ನಿಲ್ಲಿಸಿದರು. ಎರಡು ನಿಮಿಷ ದಾಟಿತು, ಮೂರು ದಾಟಿತು. ಲೈಲ್ ಡಟ್ಟನ್ ಎದ್ದ. “ಕ್ರಿಯಾಲೋಪ, ಸಭಾಧ್ಯಕ್ಷರೇ! ನಿಯಮದ ಪ್ರಕಾರ ಎರಡು…”

“ಕೂತ್ಕೋ ಲೈಲ್. ನಿನಗೆ ಮೂವತ್ತೊಂದು ವರ್ಷ ಕೊಟ್ಟಿದೀನಿ.”

ಕೂತ. ಚಪ್ಪಾಳೆ ಹೊಡೆಯಲು ಹೋದವರನ್ನೂ ಸುತ್ತಿಗೆ ಬಡಿದು ಸುಮ್ಮನಿರಿಸಿದೆ.

ಅವಳು ಹೇಳಿದ್ದು ಉದ್ದವಿರಲಿಲ್ಲ. “ನಾನು ಈ ಊರನ್ನ ಬಿಟ್ಟುಕೊಟ್ಟಿರ್ಲಿಲ್ಲ. ಈ ಹಾಲ್‌ನ ಬಿಟ್ಟಿದ್ದೆ, ಅಷ್ಟೇ. ಬೇಗ ಮಾತಾಡೋರು, ಬರೋಕೆ ಪುರುಸೊತ್ತಿರೋರು, ಎಲ್ಲರೆದುರು ಕೈ ಎತ್ತೋ ಧೈರ್ಯ ಇರೋರು, ಇಷ್ಟೇ ಜನ ಸೇರಿ ನಮ್ಮ ರಸ್ತೆ ಯಾವ ಕಡೆ ಹೋಗ್ಬೇಕು ಅಂತ ಹೇಳೋದು ಸಾಕು. ನನ್ನ ಅಭಿಪ್ರಾಯಕ್ಕೆ ಬಾಯಿ ಬೇಕಾಗಿಲ್ಲ. ಪೆನ್ಸಿಲ್ ಸಾಕು.” ಏಳು ನಿಮಿಷ ಹಿಡಿಯಿತು.

ಕೈ ಎತ್ತುವ ಬದಲು ಗುಟ್ಟಿನ ಚೀಟಿ ಬೇಕು ಎಂದು ಏಳು ಜನ ಕೇಳಿದರೆ ಕೊಡಲೇಬೇಕು. ಇಪ್ಪತ್ತು ಜನ ಎದ್ದರು. ‘ಹೌದು’ ಅಥವಾ ‘ಇಲ್ಲ’. ವೆಂಡೆಲ್ ಎಣಿಸಿದ, ಮತ್ತೊಮ್ಮೆ ಎಣಿಸಿದ.

ಹೌದು ಎಪ್ಪತ್ತು. ಇಲ್ಲ ಅರವತ್ತೊಂಬತ್ತು.

ಸುತ್ತಿಗೆ ಬಡಿದೆ. ಮುಂದಿನ ವರ್ಷದಿಂದ ಚೀಟಿ.

ಈಗ ಕೇಳು. ಚೀಟಿಯ ಮತದಾನವಾದರೆ ಸಭಾಧ್ಯಕ್ಷರಿಗೂ ಒಂದು ಚೀಟಿ ಇರುತ್ತದೆ. ನಾನು ‘ಹೌದು’ ಎಂದು ಬರೆದೆ. ಆ ಹಾಲ್‌ಗೆ ಕಾಲಿಟ್ಟಾಗ ನನ್ನ ಮನಸ್ಸಿನಲ್ಲಿ ‘ಇಲ್ಲ’ ಇತ್ತು. ಒಬ್ಬರು ಎದ್ದು ನಿಂತು ಮಾತಾಡಿದ್ದನ್ನು ಕೇಳಿ ನಾನು ಮನಸ್ಸು ಬದಲಾಯಿಸಿದ್ದು ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಸಭೆ ಇರುವುದೇ ಅದಕ್ಕಲ್ಲವೇ?

ಕುರ್ಚಿ ಮಡಚುವಾಗ ಕೊರಿನ್ ಹತ್ತಿರ ಬಂದಳು. ಮುಖ ಕೆಂಪಾಗಿತ್ತು. “ಯೂನಿಸ್, ಬೈಬೇಡಿ. ನಾನು ‘ಇಲ್ಲ’ ಅಂತ ಹಾಕ್ಬಿಟ್ಟೆ.”

“ಅಷ್ಟೆಲ್ಲ ಮಾತಾಡಿ?”

“ಮಾತಾಡಿದ್ದಕ್ಕೇ. ಎಲ್ಲರೂ ಕಾದ್ರಲ್ಲ. ಇನ್ನೊಂದು ವರ್ಷ ಮಾತಾಡೋಣ ಅನ್ನಿಸ್ತು.”

ಇಬ್ಬರೂ ಕುರ್ಚಿಗಳ ನಡುವೆ ನಿಂತುಕೊಂಡು ಎರಡು ಮೂರ್ಖ ಹೆಂಗಸರ ಹಾಗೆ ನಕ್ಕೆವು. ಮೂವತ್ತು ದಿನದೊಳಗೆ ಮರುಮತಕ್ಕೆ ಅರ್ಜಿ ಹಾಕಬಹುದು ಎಂದು ವೆಂಡೆಲ್ ಹೇಳಿದ. ಹಾಕುವುದಿದ್ದರೆ ಊರಿನವರು ಹಾಕಲಿ. ನೀನು ಲೇಖನಿ ಮುಟ್ಟಿದರೆ ಕೈ ಮುರಿಯುತ್ತೇನೆ.

ಹೌದು, ಗೊತ್ತಿದೆ. ಜನವರಿಯಿಂದಲೇ. ಅರ್ಜಿಯ ನಕಲನ್ನೂ ನಿನ್ನ ಪತ್ರವನ್ನೂ ಫ್ರಿಜ್ ಬಾಗಿಲ ಮೇಲೆ ಪಕ್ಕಪಕ್ಕದಲ್ಲಿ ಅಂಟಿಸಿದ್ದೇನೆ. ಈ ಜಿಲ್ಲೆಯಲ್ಲಿ ‘ದಯಾರ್ದ್ರ ಹೃದಯದಿಂದ ಪರಿಗಣಿಸಿ’ ಎಂದು ಬರೆಯುವ ಪ್ರಾಣಿ ಒಂದೇ. ನೀನಾಗಿ ಹೇಳುತ್ತೀಯ ಎಂದು ಕಾದೆ. ಸಿಟ್ಟಿಲ್ಲ. ನೀನು ತಮಾಷೆಗೆ ಬರೆದೆ. ಇಪ್ಪತ್ತನಾಲ್ಕು ಜನ ತಮಾಷೆಗೆ ಸಹಿ ಹಾಕಿರಲಿಲ್ಲ. ನಿನ್ನ ಕೀಟಲೆ ಇರದಿದ್ದರೆ ನಾನು ಆ ಗುಡ್ಡ ಹತ್ತುತ್ತಲೇ ಇರಲಿಲ್ಲ. ನೀನು ಬಂದಿದ್ದರೆ ಖಂಡಿತ ಎದ್ದು ನಿಂತು ಒಪ್ಪಿಕೊಳ್ಳುತ್ತಿದ್ದೆ ಎಂದು ನನಗೆ ಗೊತ್ತು. ಸಾಕಿದವಳು ನಾನು. ರಜೆ ಕೊಡದಿದ್ದರೆ ನೀನಾದರೂ ಏನು ಮಾಡುತ್ತೀಯ?

ಆ ನಿನ್ನ ಸದಸ್ಯರ ಮೇಲೆ ಮಾತ್ರ ಊರಿಗೆಲ್ಲ ಸಿಟ್ಟು. ಹಾರ್ಲಂಡ್ ಅವರಿಗೆ ಪತ್ರ ಬರೆಯುತ್ತಾನಂತೆ.

ಸುತ್ತಿಗೆಯನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ನಿನ್ನಪ್ಪನ ಕೈಕೆಲಸ. ತಲೆ ಸ್ವಲ್ಪ ಸಡಿಲ, ಜೋರಾಗಿ ಬಡಿಯಬೇಡ.

ಅತ್ತೆ


ವಾಷಿಂಗ್ಟನ್
ಮಾರ್ಚ್ 14

ಮಾಜಿಯಾಗುವ ಹಾದಿಯಲ್ಲಿರುವ ಮಹಾಸಭಾಧ್ಯಕ್ಷೆ, ತನ್ನ ಸಿಂಹಾಸನವನ್ನು ತನ್ನದೇ ಪೆನ್ಸಿಲ್ಲಿನಿಂದ ಮಡಚಿಟ್ಟ ಜಗತ್ತಿನ ಏಕೈಕ ಅಧಿಪತಿ, ಯೂನಿಸ್ ಅತ್ತೆಯವರಿಗೆ,

ಸುತ್ತಿಗೆ ಬಂತು. ಮೇಜಿನ ಮೇಲೆ ಇಟ್ಟಿದ್ದೇನೆ. ಡಾರ್ನೆಲ್ ಒಮ್ಮೆ ಬಡಿದು ನೋಡಿದ, ಇಡೀ ಕಚೇರಿ ಮಾತು ನಿಲ್ಲಿಸಿತು. ಈ ಕಟ್ಟಡದಲ್ಲಿ ಅಂಥದ್ದು ಆದದ್ದು ಬಹಳ ದಿನಗಳ ನಂತರ ಎಂದು ಹಳಬರು ಹೇಳಿದರು.

ಹಾರ್ಲಂಡ್‌ರ ಪತ್ರವೂ ಬಂತು. ನಮ್ಮ ಸದಸ್ಯರಿಗೆ ಬರುವ ಪತ್ರಗಳು ಯಾರ ಮೇಜಿಗೆ ಬರುತ್ತವೆ ಎಂದು ಅವರಿಗೆ ಹೊಳೆದಿಲ್ಲ. ನಾಲ್ಕು ಪುಟ. ‘ಮಾನ್ಯರೇ, ನೀವು ನಮ್ಮ ಜಿಲ್ಲೆಯವರಲ್ಲ, ನಿಮಗೆ ಓಟು ಹಾಕಿದವನೂ ನಾನಲ್ಲ. ಆದರೂ ಕೇಳುತ್ತೇನೆ. ಇನ್ನೂರು ವರ್ಷದ ನಮ್ಮ ಸಭೆ ಒಂದೇ ಓಟಿನಿಂದ ಹೋಯಿತು. ಸಮ ಆಗಿದ್ದರೆ ಕಲಂ ಬಿದ್ದುಹೋಗುತ್ತಿತ್ತು, ಸಭೆ ಉಳಿಯುತ್ತಿತ್ತು. ಬೀಳದೆ ಹೋದ ಆ ಒಂದು ಓಟು ನಮ್ಮ ಮಾರ್ನಿಯದು. ಅವಳು ಕಾಲ್ಡರ್‌ಬರಿಗಾಗಿ ಜೀವ ಬಿಡುವ ಹುಡುಗಿ. ಪ್ರಜಾಪ್ರಭುತ್ವದ ಹೆಸರು ಹೇಳಿಕೊಂಡು ತಿನ್ನುವ ನೀವು, ಅವಳಿಗೆ ಒಂದು ದಿನ ರಜೆ ಕೊಡಲಿಲ್ಲವಲ್ಲ, ನೀವೂ ಒಬ್ಬ ಮನುಷ್ಯರೇ?’

ಕೆಳಗೆ ಅರವತ್ತೆರಡು ಸಹಿ. ಕೊರಿನ್‌ದು ಎರಡನೆಯದು. ನಿಮ್ಮದಿಲ್ಲ, ಅದಕ್ಕೆ ನಾನು ಋಣಿ.

ಮೂರು ದಿನದಿಂದ ಆ ಪತ್ರದ ಎದುರು ಕೂತಿದ್ದೇನೆ. ಹನ್ನೊಂದೂ ಮಾದರಿಗಳನ್ನು ತೆಗೆದು ನೋಡಿದೆ, ಯಾವುದೂ ಹೊಂದುವುದಿಲ್ಲ. ಇದಕ್ಕೆ ಕೈಯಲ್ಲೇ ಬರೆಯಬೇಕು. ಅರವತ್ತೆರಡು ಜನರಿಗೂ, ಒಬ್ಬೊಬ್ಬರಿಗೂ. ನಾಳೆ ಶುರು ಮಾಡುತ್ತೇನೆ. ನಿಮಗೆ ಮೊದಲು.

ಅರ್ಜಿ ಬರೆದವಳು ನಾನೇ, ಅದು ನಿಮಗೆ ಗೊತ್ತಿದ್ದದ್ದೇ. ಇದು ಅದಲ್ಲ.

ನಮ್ಮ ಸದಸ್ಯರು ಬಾಗಿಲಲ್ಲಿ ನಿಂತೇ, ನಾನು ಮಾತು ಮುಗಿಸುವ ಮೊದಲೇ, “ಊರಸಭೆಯಾ? ಹೋಗಮ್ಮ ಹೋಗು, ಎರಡು ದಿನ ಬೇಕಾದ್ರೂ ತಗೋ” ಅಂದಿದ್ದರು. ರೈಲಿನ ಟಿಕೆಟ್ಟೂ ತೆಗೆದಿದ್ದೆ, ಬ್ಯಾಗಿನಲ್ಲಿ ಇನ್ನೂ ಇದೆ. ನೀವು ಹಾಲ್‌ನ ಬಾಗಿಲು ನೋಡುತ್ತ ಇಪ್ಪತ್ತು ಎಣಿಸುತ್ತಿದ್ದಾಗ ನಾನು ಇಲ್ಲಿ ರೂಮಿನ ಮಂಚದ ಮೇಲೆ, ಬೂಟು ಹಾಕಿಕೊಂಡೇ, ಕೂತಿದ್ದೆ.

ಮಾರ್ನಿ